"ನಿನ್ನ ಸೇರಿಸ್ಕೊಳ್ಳಲ್ಲ" ಅನ್ನುವ ಮೂವರು, ಪಕ್ಕದಲ್ಲಿ ನಿಂತು ನೋಡುವ ಒಬ್ಬಳು: ಶಿಶುವಿಹಾರದಲ್ಲಿ ಏನು ಮಾಡಬೇಕು?

ಅಂಗಳದಾಟ ಕೇಳಿದ್ದು:

ಮೂರೂವರೆಯಿಂದ ಐದು ವರ್ಷದೊಳಗಿನ 20 ಮಕ್ಕಳ ತರಗತಿ, ಇಬ್ಬರು ಶಿಕ್ಷಕಿಯರು. ಬೆಳಗ್ಗೆ 20 ನಿಮಿಷ ಮಕ್ಕಳು ತಮಗಿಷ್ಟ ಬಂದದ್ದನ್ನು ಆಡಬಹುದು. ನಾಲ್ಕೂವರೆ ದಾಟಿದ ಮೂವರು ದಿನವೂ ಮನೆಯಾಟದ ಮೂಲೆ ಹಿಡಿಯುತ್ತಾರೆ. ಬೇರೆ ಯಾರು ಬಂದರೂ "ನಿನ್ನ ಸೇರಿಸ್ಕೊಳ್ಳಲ್ಲ" ಎಂಬ ಉತ್ತರ ಸಿದ್ಧ. ನಾಲ್ಕು ವರ್ಷದ ಒಂದು ಹುಡುಗಿ ಆ ಮೂಲೆಯ ಪಕ್ಕದಲ್ಲಿ ನಿಂತು ನೋಡುತ್ತಲೇ ಇರುತ್ತಾಳೆ. "ಎಲ್ಲರೂ ಸೇರಿ ಆಡಬೇಕು" ಅಂತ ನಾವು ಒಳಗೆ ಕಳಿಸಿದರೆ ಎರಡು ನಿಮಿಷದಲ್ಲಿ ಆಟವೇ ನಿಂತುಹೋಗುತ್ತದೆ, ಮೂವರೂ ಎದ್ದು ಬೇರೆ ಕಡೆ ಹೋಗುತ್ತಾರೆ.

ಮೂರು ಪ್ರಶ್ನೆ. ಈ ವಯಸ್ಸಿನಲ್ಲಿ ನಿಜವಾದ ಗೆಳೆತನ ಅಂತ ಒಂದು ಇರುತ್ತದಾ? ನೋಡುತ್ತಾ ನಿಲ್ಲುವ ಮಗುವಿನ ಬಗ್ಗೆ ಯಾವಾಗ ಚಿಂತೆ ಮಾಡಬೇಕು? "ಯಾರನ್ನೂ ಬೇಡ ಅನ್ನುವ ಹಾಗಿಲ್ಲ" ಅಂತ ನಿಯಮ ಮಾಡುವುದು ಸರಿಯೇ?

ಬೆಳವಣಿಗೆ_ಓದು ಉತ್ತರ:

ಮೊದಲನೆಯದಕ್ಕೆ ಉತ್ತರ: ಇರುತ್ತದೆ, ಆದರೆ ಮಕ್ಕಳ ಮಾತನ್ನು ನಂಬಿ ಅದನ್ನು ಅಳೆಯಬೇಡಿ. ನಾಲ್ಕು ವರ್ಷದ ಮಗುವನ್ನು "ಅವನು ಯಾಕೆ ನಿನ್ನ ಫ್ರೆಂಡ್?" ಅಂದರೆ "ಅವನ ಹತ್ರ ಲಾರಿ ಇದೆ", "ನನ್ನ ಪಕ್ಕ ಕೂರ್ತಾನೆ" ಎಂಬಂಥ ಉತ್ತರ ಬರುತ್ತದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೆಲ್ಮನ್ ಈ ಹಂತವನ್ನು ಆ ಹೊತ್ತಿನ ಆಟದ ಜೊತೆಗಾರರ ಗೆಳೆತನ ಎಂದು ಗುರುತಿಸಿದರು. ಆದರೆ ಮಗು ಗೆಳೆತನವನ್ನು ವಿವರಿಸುವುದೇ ಬೇರೆ, ನಡೆದುಕೊಳ್ಳುವುದೇ ಬೇರೆ. ಎರಡು ವರ್ಷ ತುಂಬುವ ಮೊದಲೇ ಎಷ್ಟೋ ಮಕ್ಕಳು ಕೆಲವರನ್ನು ಮಾತ್ರ ಹುಡುಕಿಕೊಂಡು ಹೋಗುತ್ತಾರೆ. ಆ ಜೋಡಿಗಳು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಗಮನಿಸಬೇಕಾದ ಗುರುತುಗಳು ಮೂರು: ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಾರೆಯೇ, ಜೊತೆಗಿದ್ದಾಗ ಆಟ ಉಳಿದವರ ಜೊತೆಗಿಂತ ಹೆಚ್ಚು ಹೊತ್ತು ನಡೆಯುತ್ತದೆಯೇ, ಜಗಳವಾದ ಮೇಲೂ ಅಲ್ಲೇ ಆಡುತ್ತಾರೆಯೇ. ಮೂರನೆಯದಕ್ಕೆ ಹೆಚ್ಚು ತೂಕ ಕೊಡಿ. ಗೆಳೆಯರು ಕಡಿಮೆ ಜಗಳವಾಡುವುದಿಲ್ಲ, ಜಗಳದ ನಂತರ ದೂರ ಹೋಗುವುದು ಕಡಿಮೆ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿನ್ನೆಲೆ ಬೇಕು. 1932ರಲ್ಲಿ ಮಿಲ್ಡ್ರೆಡ್ ಪಾರ್ಟನ್ ಮಕ್ಕಳ ಆಟವನ್ನು ಆರು ಬಗೆಯಾಗಿ ವಿಂಗಡಿಸಿದರು: ಯಾವುದರಲ್ಲೂ ತೊಡಗದಿರುವುದು, ಒಂಟಿ ಆಟ, ನೋಡುತ್ತಾ ನಿಲ್ಲುವುದು, ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಆಡುವುದು, ಕೊಡುಕೊಳ್ಳುವಿಕೆಯ ಆಟ, ಎಲ್ಲರೂ ಪಾತ್ರ ಹಂಚಿಕೊಂಡು ಆಡುವ ಸಹಕಾರದ ಆಟ. ಇದನ್ನು ಏಣಿಯ ಮೆಟ್ಟಿಲುಗಳ ಹಾಗೆ ಪಾಠ ಮಾಡುವವರು ಇನ್ನೂ ಇದ್ದಾರೆ, ಅದು ತಪ್ಪು. ಐದು ವರ್ಷದ ಮಗುವೂ ಒಂದೇ ಬೆಳಗಿನಲ್ಲಿ ನಾಲ್ಕೈದು ಬಗೆಯಲ್ಲಿ ಆಡುತ್ತದೆ. ಪಕ್ಕಪಕ್ಕದ ಆಟವಂತೂ ಹಲವು ಸಲ ಗುಂಪಿನೊಳಗೆ ಹೋಗುವ ದಾರಿಯೇ ಆಗಿರುತ್ತದೆ. ಮೂರು ವರ್ಷದ ಮಕ್ಕಳು ಮೊದಲು ಪಕ್ಕದಲ್ಲಿ ಕೂತು ಅದೇ ಆಟ ಆಡಿ, ಆಮೇಲೆ ಸೇರಿಕೊಳ್ಳುವುದನ್ನು 1980ರಲ್ಲೇ ಬೇಕ್‌ಮನ್ ಮತ್ತು ಬ್ರೌನ್ಲೀ ತೋರಿಸಿದ್ದಾರೆ.

ಹಾಗಾಗಿ ಒಂಟಿಯಾಗಿ ಕಾಣುವ ಮಕ್ಕಳನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಬೇಡಿ. ಬ್ಲಾಕ್ಸ್ ಕಟ್ಟುತ್ತಾ, ಚಿತ್ರ ಬಿಡಿಸುತ್ತಾ ತನ್ನ ಪಾಡಿಗೆ ಮುಳುಗಿರುವ, ಕರೆದರೆ ಸಲೀಸಾಗಿ ಬರುವ ಮಗುವಿಗೆ ಜನರಿಗಿಂತ ವಸ್ತುಗಳಲ್ಲಿ ಆಸಕ್ತಿ ಇರಬಹುದು, ಅಷ್ಟೆ. ಸೇರಬೇಕೆಂಬ ಆಸೆಯಿದ್ದೂ ಹೆದರಿಕೆಯಿಂದ ಅಂಚಿನಲ್ಲೇ ನಿಲ್ಲುವ ಮಗು ಬೇರೆ. ಅದು ನೋಡುತ್ತದೆ, ಎರಡು ಹೆಜ್ಜೆ ಹತ್ತಿರ ಬರುತ್ತದೆ, ಮತ್ತೆ ಹಿಂದೆ ಸರಿಯುತ್ತದೆ, ಕೈ ಖಾಲಿ, ಬೆರಳು ಬಾಯಲ್ಲಿ ಅಥವಾ ಬಟ್ಟೆಯ ಅಂಚಿನಲ್ಲಿ. ಮೂರನೆಯ ಬಗೆಯದು ಒಳನುಗ್ಗಿ, ಕಿತ್ತುಕೊಂಡು, ಗುಂಪಿನವರಿಂದಲೇ ಹೊರಹಾಕಿಸಿಕೊಂಡ ಮಗು. ಈ ಮೂವರಿಗೂ ಬೇಕಾದ ಸಹಾಯ ಬೇರೆಬೇರೆ. ನೀವು ಹೇಳಿದ ಹುಡುಗಿ ಎರಡನೆಯ ಬಗೆ ಅನ್ನಿಸುತ್ತದೆ, ಆದರೆ ಊಹೆಯ ಮೇಲೆ ಹೋಗದೆ ಮೊದಲು ಎರಡು ವಾರ ಬರೆದಿಟ್ಟುಕೊಳ್ಳಿ.

ಬರೆಯುವ ಕ್ರಮ ಹೀಗೆ. ಒಂದು ಹಾಳೆಯಲ್ಲಿ 20 ಹೆಸರು. ಹೆಸರಿನ ಕ್ರಮದಲ್ಲೇ ಒಬ್ಬೊಬ್ಬರನ್ನು 10 ಸೆಕೆಂಡು ನೋಡಿ ಒಂದು ಅಕ್ಷರ ಹಾಕಿ: ಒಂಟಿ ಆಟಕ್ಕೆ "ಒ", ನೋಡುತ್ತಾ ನಿಂತಿದ್ದರೆ "ನೋ", ಪಕ್ಕಪಕ್ಕದ ಆಟಕ್ಕೆ "ಪ", ಜೊತೆಯಾಟಕ್ಕೆ "ಜೊ". "ಜೊ" ಅಥವಾ "ಪ" ಆದರೆ ಯಾರ ಜೊತೆ ಎಂದು ಹೆಸರಿನ ಮೊದಲಕ್ಷರ. 20 ಮಕ್ಕಳಿಗೆ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಹತ್ತು ದಿನ, ದಿನಕ್ಕೆರಡು ಸಲ: ಒಮ್ಮೆ ಒಳಗೆ, ಒಮ್ಮೆ ಹೊರಗಿನ ಆಟದಲ್ಲಿ. ಪ್ರತಿ ಮಗುವಿಗೂ 20 ಗುರುತು ಸಿಗುತ್ತವೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಗಲಾಟೆ ಇರುವ ಕಡೆಗೆ ಕಣ್ಣು ಹೋಗುವುದು. ಸುಮ್ಮನಿರುವ ಮಕ್ಕಳು ಹಾಳೆಯಿಂದಲೇ ಮಾಯವಾಗುತ್ತಾರೆ, ಅದಕ್ಕೇ ಹೆಸರಿನ ಕ್ರಮ ಬಿಡಬಾರದು. ಒಳಗೆ ಮೂಲೆ ಹಿಡಿದು ನಿಲ್ಲುವ ಮಗು ಹೊರಗೆ ಮರಳಿನಲ್ಲಿ ಇಬ್ಬರ ಜೊತೆ ಆರಾಮಾಗಿ ಆಡುತ್ತಿರುವುದೂ ಉಂಟು. ಹಾಗಿದ್ದರೆ ತೊಂದರೆ ಮಗುವಿನಲ್ಲಿಲ್ಲ, ಆ ಮೂಲೆಯಲ್ಲಿದೆ.

"ನಿನಗೆ ಯಾರು ಇಷ್ಟ ಇಲ್ಲ?" ಅಂತ ಮಾತ್ರ ಮಕ್ಕಳನ್ನು ಕೇಳಬೇಡಿ. ಮೂರು ವರ್ಷದವರು ಆ ಕ್ಷಣ ಕಣ್ಣಿಗೆ ಬಿದ್ದವರ ಹೆಸರು ಹೇಳುತ್ತಾರೆ, ಐದು ವರ್ಷದವರು ಹೊರಗೆ ಹೋಗಿ ಅದನ್ನೇ ಡಂಗುರ ಸಾರುತ್ತಾರೆ.

ಬ್ಲಾಕ್ಸ್_ಮೂಲೆ ಉತ್ತರ:

ಮೇಲಿನವರು ಹೇಳಿದ್ದು ಸರಿ. ನಾನು ಆ ಮೂವರ ಕಡೆಯಿಂದ ನೋಡುತ್ತೇನೆ, ಏಕೆಂದರೆ ಬೀಗ ಇರುವುದು ಅಲ್ಲಿ.

ವಿಲಿಯಂ ಕೋರ್ಸಾರೊ ಎಂಬ ಸಮಾಜಶಾಸ್ತ್ರಜ್ಞ ನರ್ಸರಿ ಮಕ್ಕಳ ಜೊತೆ ನೆಲದ ಮೇಲೆ ಕೂತು ತಿಂಗಳುಗಟ್ಟಲೆ ಅವರ ಆಟ ಗಮನಿಸಿದವರು. ಅವರ ಮುಖ್ಯ ಮಾತು: ಮಕ್ಕಳು ಹೊಸಬರನ್ನು ಬೇಡ ಅನ್ನುವುದು ಬಹುಪಾಲು ಸಲ ಆ ಹೊಸಬರ ಮೇಲಿನ ದ್ವೇಷದಿಂದಲ್ಲ, ನಡೆಯುತ್ತಿರುವ ಆಟವನ್ನು ಉಳಿಸಿಕೊಳ್ಳಲು. ಈ ವಯಸ್ಸಿನಲ್ಲಿ ಮನೆಯಾಟ ತೀರಾ ನಾಜೂಕು. "ಇದು ಒಲೆ, ಇವಳು ಪಾಪು, ಪಾಪುಗೆ ಜ್ವರ" ಎಂಬುದು ಮೂರು ತಲೆಗಳಲ್ಲಿ ಮಾತ್ರ ಇರುವ ಒಪ್ಪಂದ. ನಾಲ್ಕನೆಯವರು ಬಂದು ಒಲೆಯ ಮೇಲೆ ಕೂತರೆ ಆಟ ಮುಗಿಯಿತು. ಆ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ನೀವು ಒಳಗೆ ಕಳಿಸಿದ ಎರಡು ನಿಮಿಷಕ್ಕೆ ಅವರು ಎದ್ದುಹೋಗುವುದು, ಹಟಕ್ಕಲ್ಲ.

ಆಟಕ್ಕೆ ಸೇರಲು ಮಾಡಿದ ಮೊದಲ ಪ್ರಯತ್ನಗಳಲ್ಲಿ ಸರಿಸುಮಾರು ಅರ್ಧಕ್ಕೆ "ಬೇಡ" ಎಂಬ ಉತ್ತರ ಬಂದದ್ದನ್ನೂ ಕೋರ್ಸಾರೊ ದಾಖಲಿಸಿದ್ದಾರೆ. ಎಲ್ಲರಿಗೂ ಬೇಕಾದ ಮಗುವಿಗೂ ಬೇಡ ಅನ್ನಿಸಿಕೊಳ್ಳುವುದು ತಪ್ಪಿದ್ದಲ್ಲ, ಅದು ಇನ್ನೊಂದು ದಾರಿಯಿಂದ ಮತ್ತೆ ಬರುತ್ತದೆ. ಅಂಜುವ ಮಗು ಮೊದಲ ಸಲಕ್ಕೇ ಬಿಟ್ಟುಬಿಡುತ್ತದೆ. ಹಾಗಾಗಿ ನಾವು ಕಲಿಸಬೇಕಾದ್ದು ಎರಡನೆಯ ಪ್ರಯತ್ನ.

1981ರಲ್ಲಿ ಪುಟಲಾಜ್ ಮತ್ತು ಗಾಟ್‌ಮನ್ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಕಂಡದ್ದು ಚಿಕ್ಕವರಿಗೂ ಹೊಂದುತ್ತದೆ. ಗೆಲ್ಲುವ ಮಕ್ಕಳು ಗುಂಪಿನಲ್ಲಿ ಏನು ನಡೆಯುತ್ತಿದೆಯೋ ಅದಕ್ಕೆ ಹೊಂದಿಕೊಂಡು ಒಳಗೆ ಬರುತ್ತಾರೆ. ಸೋಲುವವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ, ಪ್ರಶ್ನೆ ಕೇಳುತ್ತಾರೆ, ಹಾಗಲ್ಲ ಹೀಗೆ ಅಂತ ತಿದ್ದುತ್ತಾರೆ.

ನಿಮ್ಮ ಹುಡುಗಿಗೆ ಇದನ್ನು ಹೀಗೆ ಇಳಿಸಬಹುದು. ಮೊದಲು ಆಕೆಯ ಪಕ್ಕ ಕೂತು, ಮೆಲುದನಿಯಲ್ಲಿ ಆಟವನ್ನು ಓದಿ ಹೇಳಿ: "ಅವರು ಪಾಪುಗೆ ಜ್ವರ ಅಂತಿದ್ದಾರೆ. ಈಗ ಅಡುಗೆ ಮಾಡ್ತಿದ್ದಾರೆ." ಒಂದೆರಡು ನಿಮಿಷ ಸಾಕು. ಆಮೇಲೆ ಅದೇ ಬಗೆಯ ಸಾಮಾನು, ಅಂದರೆ ಒಂದು ಪಾತ್ರೆ, ಒಂದು ಸೌಟು, ಆಕೆಯ ಕೈಗೆ ಕೊಟ್ಟು ಮೂಲೆಯ ಅಂಚಿನಲ್ಲಿ, ಒಂದು ಮೀಟರ್ ಆಚೆ, ಅದೇ ಆಟ ಶುರು ಮಾಡಿಸಿ. ಇದು ಮೇಲೆ ಹೇಳಿದ ಪಕ್ಕಪಕ್ಕದ ಆಟ. ಇಲ್ಲಿ ಆತುರ ಬೇಡ, ಕೆಲವು ಮಕ್ಕಳಿಗೆ ಮೂರು ನಾಲ್ಕು ದಿನ ಈ ಹೆಜ್ಜೆಯಲ್ಲೇ ಕಳೆಯುತ್ತದೆ. ಗುಂಪಿನವರು ತಿರುಗಿ ನೋಡಲು ಶುರುವಾದ ಮೇಲೆ ಆಟಕ್ಕೆ ಬೇಕಾಗುವ ಒಂದು ವಸ್ತು ಅಥವಾ ಕೆಲಸ ಹೊತ್ತು ಹೋಗಲಿ: "ಪಾಪುಗೆ ಔಷಧಿ ತಂದೆ." ಹೊರಗಿನಿಂದ ಬರುವ ಪಾತ್ರಗಳು, ಅಂದರೆ ಡಾಕ್ಟರು, ಅಂಚೆಯವರು, ಸಾಮಾನು ತಂದುಕೊಡುವವರು, ಬಹಳ ಅನುಕೂಲ. ಅವರಿಗೆ ಮನೆಯೊಳಗಿನ ಪಾತ್ರ ಬಿಟ್ಟುಕೊಡಬೇಕಾಗಿಲ್ಲ, ಇರುವ ಅಮ್ಮ ಅಮ್ಮನೇ, ಪಾಪು ಪಾಪುವೇ.

"ನಾನೂ ಬರ್ಲಾ?" ಅಂತ ಕೇಳು ಎಂದು ಕಲಿಸುವುದು ನಮ್ಮೆಲ್ಲರ ಅಭ್ಯಾಸ. ಸಭ್ಯತೆ ಸರಿ, ಆದರೆ ಆಟದ ಮಧ್ಯದಲ್ಲಿ ಆ ಪ್ರಶ್ನೆ ಆಟ ನಿಲ್ಲಿಸಿ ತೀರ್ಪು ಕೊಡಿ ಅಂದ ಹಾಗೆ. "ಬೇಡ" ಅನ್ನುವುದೇ ಸುಲಭದ ತೀರ್ಪು. ಕೇಳಲೇಬೇಕಾದರೆ "ನಾನು ಏನಾಗ್ಲಿ?" ಎಂಬ ಮಾತು ಕಲಿಸಿ. ಅದಕ್ಕೆ ಬೇಡ ಅನ್ನುವುದು ಕಷ್ಟ, ಒಂದು ಪಾತ್ರ ಹೇಳಲೇಬೇಕಾಗುತ್ತದೆ.

ದೊಡ್ಡವರು ಸೇರಿಸಲು ಹೋಗುವುದಾದರೂ ಆಟದೊಳಗಿನ ಪಾತ್ರವಾಗಿಯೇ ಹೋಗಬೇಕು. "ನಾವಿಬ್ಬರೂ ನೆಂಟರು, ಬಾಗಿಲು ತೆಗೀರಿ" ಅಂತ ಆಕೆಯ ಜೊತೆಗೇ ಒಳಗೆ ಹೋಗಿ, ಆಟ ಹರಿಯಲು ಶುರುವಾದ ಕೂಡಲೇ, ಎರಡು ಮೂರು ನಿಮಿಷದಲ್ಲಿ, "ನನಗೆ ಕೆಲಸ ಇದೆ" ಎಂದು ಎದ್ದುಬನ್ನಿ. ಹೆಚ್ಚು ಹೊತ್ತು ಕೂತರೆ ಎಲ್ಲರೂ ನಿಮ್ಮ ಜೊತೆ ಆಡುತ್ತಾರೆ, ಪರಸ್ಪರ ಅಲ್ಲ.

ಇನ್ನು ನಿಮ್ಮ 20 ನಿಮಿಷ. ಅದೇ ಮೊದಲು ಬದಲಾಗಬೇಕಾದ್ದು. 1988ರ ಒಂದು ಅಧ್ಯಯನದಲ್ಲಿ 15 ನಿಮಿಷದ ಮತ್ತು 30 ನಿಮಿಷದ ಆಟದ ಅವಧಿಗಳನ್ನು ಹೋಲಿಸಿದಾಗ, ಗುಂಪಾಗಿ ಆಡುವ ಪಾತ್ರದಾಟ ಉದ್ದದ ಅವಧಿಯಲ್ಲೇ ಹೆಚ್ಚು ಕಂಡಿತು. ಪಾತ್ರ ಹಂಚಲು, ಸಾಮಾನು ಜೋಡಿಸಲು, ಜಗಳ ಮುಗಿಸಲು ಹತ್ತು ನಿಮಿಷ ಬೇಕೇ ಬೇಕು. ಉಳಿದ ಹತ್ತು ನಿಮಿಷದ ಆಟವನ್ನು ಯಾರು ತಾನೇ ಹೊಸಬರಿಗೆ ಬಿಟ್ಟುಕೊಡುತ್ತಾರೆ? 40 ನಿಮಿಷ ಮಾಡಿ ನೋಡಿ. ಎರಡು ಸಲ 20 ನಿಮಿಷ ಕೊಟ್ಟರೆ ಅದೇ ಲೆಕ್ಕವಾಗುವುದಿಲ್ಲ, ಒಂದೇ ಪಟ್ಟಿಗೆ 40 ಬೇಕು. ಮನೆಯಾಟದ ಸಾಮಾನು ಮೂವರಿಗೆ ಸಾಕಾಗುವಷ್ಟೇ ಇದ್ದರೆ ಗುಂಪೂ ಮೂವರದ್ದೇ ಆಗುತ್ತದೆ. ಎರಡು ಸೌಟಿದ್ದರೆ ಐದು ಇಡಿ. ಪುಟ್ಟ ಮಕ್ಕಳಿಗೆ ಒಂದೇ ಥರದ ಎರಡು ಮೂರು ವಸ್ತು ಬೇಕು, ಬೇರೆಬೇರೆ ಹತ್ತು ವಸ್ತುಗಳಲ್ಲ.

ಅಂಗಳದಾಟ:

ಧನ್ಯವಾದ. ಅವಧಿ 40 ನಿಮಿಷಕ್ಕೆ ಏರಿಸಲು ಸಾಧ್ಯ. ಆದರೆ ನಿಯಮದ ಪ್ರಶ್ನೆ ಉಳಿಯಿತು. ಆ ಮೂವರಲ್ಲಿ ಒಬ್ಬಳು "ಅವಳ ಹತ್ರ ಮಾತಾಡಿದ್ರೆ ನಿನ್ನ ಜೊತೆ ಟೂ" ಅಂತ ಉಳಿದಿಬ್ಬರನ್ನು ಹೆದರಿಸುತ್ತಾಳೆ. ಇದೂ ಆಟ ಉಳಿಸಿಕೊಳ್ಳುವುದೇ?

ಸಮಾಧಾನ_ಕಟ್ಟೆ ಉತ್ತರ:

ಅಲ್ಲ ಮೇಡಂ, ಅದು ಬೇರೆ. ಮೇಲಿನವರ ವಿವರಣೆಯನ್ನು ನಾನು ಒಪ್ಪುತ್ತೇನೆ, ಆದರೆ ಎಲ್ಲಾ "ಬೇಡ"ಗಳಿಗೂ ಅದನ್ನೇ ಹಚ್ಚಿದರೆ ಒಂದು ಮಗು ಅನ್ಯಾಯವಾಗಿ ಹೊರಗೇ ಉಳಿಯುತ್ತದೆ. ಗೆಳೆತನವನ್ನೇ ಆಯುಧ ಮಾಡಿಕೊಳ್ಳುವುದು ಮೂರರಿಂದ ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ನಿಕಿ ಕ್ರಿಕ್ ಮತ್ತು ಸಂಗಡಿಗರು 1997ರಲ್ಲಿ ಶಿಶುವಿಹಾರದ ಮಕ್ಕಳಲ್ಲೇ ಇದನ್ನು ಗುರುತಿಸಿದರು. ಈ ವಯಸ್ಸಿನಲ್ಲಿ ಅದು ಮುಚ್ಚುಮರೆಯಿಲ್ಲದೆ ಎದುರಿಗೇ ನಡೆಯುವುದರಿಂದ ಹಿಡಿಯುವುದೂ ಸುಲಭ, ತಿದ್ದುವುದೂ ಸುಲಭ.

ಎರಡನ್ನೂ ಬೇರ್ಪಡಿಸಲು ನಾನು ನೋಡುವುದು ಇಷ್ಟು. "ಬೇಡ" ಅನ್ನುವ ಮಾತು ಆಟದ ಬಗ್ಗೆ ಇದೆಯೋ, ವ್ಯಕ್ತಿಯ ಬಗ್ಗೆಯೋ? "ಈಗ ಜಾಗ ಇಲ್ಲ", "ಪಾಪು ಮಲಗಿದೆ" ಎಂಬುದು ಆಟದ ಮಾತು. "ನೀನು ಬರಬೇಡ", "ಅವಳ ಹತ್ರ ಯಾರೂ ಮಾತಾಡಬೇಡಿ" ಎಂಬುದು ವ್ಯಕ್ತಿಯ ಮಾತು. ಬೇಡ ಅನ್ನಿಸಿಕೊಳ್ಳುವವರು ದಿನದಿನಕ್ಕೆ ಬದಲಾಗುತ್ತಾರೋ, ಒಬ್ಬರೇ ಪ್ರತಿಸಲವೋ? ನಿಮ್ಮ ಹತ್ತು ದಿನದ ಹಾಳೆ ಇದಕ್ಕೂ ಉತ್ತರ ಕೊಡುತ್ತದೆ.

ಹಾಗಾಗಿ ನಿಯಮ ಬೇಕು, ಆದರೆ ಅದು ಆಟ ಮುರಿಯದಂಥ ನಿಯಮವಾಗಿರಲಿ. ಊಟದ ಸಾಲು, ಕಥೆಯ ವೃತ್ತ, ಜೋಡಿ ಕೆಲಸ ಇವುಗಳಲ್ಲಿ ಯಾರಿಗೂ ಯಾರನ್ನೂ ಬೇಡ ಅನ್ನುವ ಹಕ್ಕಿಲ್ಲ. ಸ್ವತಂತ್ರ ಆಟದಲ್ಲಿ "ಈಗ ಬೇಡ" ಅನ್ನಬಹುದು, ಆದರೆ ಯಾವಾಗ ಬರಬಹುದು ಅಥವಾ ಏನಾಗಬಹುದು ಅಂತಲೂ ಹೇಳಲೇಬೇಕು. "ಈ ಅಡುಗೆ ಆದ್ಮೇಲೆ ಬಾ." ನೀವು ಅದನ್ನು ಕಿವಿಗೆ ಹಾಕಿಕೊಂಡು, ಅಡುಗೆ ಮುಗಿದ ಮೇಲೆ ನೆನಪಿಸಿ. ನೆನಪಿಸದಿದ್ದರೆ ಒಂದೇ ವಾರದಲ್ಲಿ ನಿಯಮ ಸತ್ತಂತೆ. ವ್ಯಕ್ತಿಯನ್ನು ಗುರಿಮಾಡಿದ ಮಾತು ಬಂದ ತಕ್ಷಣ ಹೋಗಿ, ಎಲ್ಲರ ಮುಂದೆ ಭಾಷಣ ಮಾಡದೆ, ಪಕ್ಕದಲ್ಲಿ ಕೂತು ಎರಡು ವಾಕ್ಯ ಹೇಳಿ: "ನಿನಗೆ ಇವತ್ತು ಇವರ ಜೊತೆ ಮಾತ್ರ ಆಡಬೇಕು ಅನ್ನಿಸ್ತಿದೆ, ಅದನ್ನ ಹೇಳಬಹುದು. ಬೇರೆಯವರು ಯಾರ ಹತ್ರ ಮಾತಾಡಬೇಕು ಅಂತ ನೀನು ಹೇಳೋ ಹಾಗಿಲ್ಲ." ಬಲವಂತದಿಂದ "ಸಾರಿ" ಹೇಳಿಸುವುದರಲ್ಲಿ ಹುರುಳಿಲ್ಲ.

ಆ ಹುಡುಗಿಯನ್ನು ಕೆಟ್ಟವಳೆಂದು ತೀರ್ಮಾನಿಸಬೇಡಿ. ಗುಂಪನ್ನು ಒಟ್ಟಿಗೆ ಹಿಡಿಯುವ ಶಕ್ತಿ ಅವಳಲ್ಲಿದೆ, ಗೆಳತಿಯರು ಕೈತಪ್ಪುತ್ತಾರೆ ಎಂಬ ಹೆದರಿಕೆಯೂ ಇದೆ. ಹಾಗಾಗಿ ಮೂವರನ್ನೂ ಒಡೆದು ಬೇರೆಬೇರೆ ಮೇಜಿಗೆ ಕೂರಿಸುವುದು ಕೆಟ್ಟ ಉಪಾಯ, ಹೆದರಿಕೆ ಹೆಚ್ಚಾಗಿ ಹಿಡಿತ ಇನ್ನೂ ಬಿಗಿಯಾಗುತ್ತದೆ. ಬದಲಿಗೆ ದಿನಕ್ಕೊಂದು 10 ನಿಮಿಷದ ಜೋಡಿ ಕೆಲಸ ಇಡಿ. ಇಬ್ಬರಿಗೆ ಒಂದೇ ದೊಡ್ಡ ಹಾಳೆ, ಒಂದೇ ಬಣ್ಣದ ಡಬ್ಬಿ. ಅಥವಾ ಒಬ್ಬರಿಂದ ಎತ್ತಲಾಗದ ಬುಟ್ಟಿಯನ್ನು ಇಬ್ಬರೂ ಹಿಡಿದು ತರುವುದು. ಜೋಡಿಗಳನ್ನು ನೀವೇ ಮಾಡಿ, ಮಕ್ಕಳು ಆರಿಸಿದರೆ ಹಳೆಯ ಮೂವರೇ ಮತ್ತೆ ಸೇರುತ್ತಾರೆ. ನೋಡುತ್ತಾ ನಿಲ್ಲುವ ಹುಡುಗಿಯನ್ನು ಮೂವರಲ್ಲಿ ಅತ್ಯಂತ ಮೃದು ಸ್ವಭಾವದವಳ ಜೊತೆ ವಾರಕ್ಕೆ ಎರಡು ಮೂರು ಸಲ ಜೋಡಿ ಮಾಡಿ. ನಾಯಕಿಯ ಜೊತೆ ಆಮೇಲೆ. ಒಳಗಿನವರಲ್ಲಿ ಒಬ್ಬಳಿಗೆ ಪರಿಚಯವಾದರೆ ಸಾಕು, ಮನೆಯಾಟದ ಬಾಗಿಲು ಅವಳೇ ತೆರೆಯುತ್ತಾಳೆ.

ಹುಡುಗರ ಗುಂಪು, ಹುಡುಗಿಯರ ಗುಂಪು ಎಂದು ಒಡೆಯುವುದರ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಮ್ಯಾಕೋಬಿ ಮತ್ತು ಜ್ಯಾಕ್ಲಿನ್ 1987ರಲ್ಲಿ ವರದಿ ಮಾಡಿದಂತೆ, ನಾಲ್ಕೂವರೆ ವರ್ಷದಲ್ಲಿ ಮಕ್ಕಳು ವಿರುದ್ಧ ಲಿಂಗದವರಿಗಿಂತ ತಮ್ಮ ಲಿಂಗದವರ ಜೊತೆ ಸುಮಾರು 3 ಪಟ್ಟು ಸಮಯ ಕಳೆಯುತ್ತಾರೆ, ಆರೂವರೆಗೆ ಅದು ಸುಮಾರು 11 ಪಟ್ಟಾಗುತ್ತದೆ. ಶಿಕ್ಷಕರು ಬೆರೆತು ಆಡುವುದನ್ನು ಮೆಚ್ಚಿ ಮಾತಾಡಿದಷ್ಟು ದಿನ ಬೆರೆಯುವುದು ಹೆಚ್ಚುತ್ತದೆ, ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ ಎಂದು ಸರ್ಬಿನ್ ತಂಡ 1977ರಲ್ಲೇ ತೋರಿಸಿತ್ತು. ಅಂದರೆ ಒಂದು ದಿನದ ಚಟುವಟಿಕೆಯಿಂದ ಪ್ರಯೋಜನವಿಲ್ಲ, ದಿನಚರಿಯಲ್ಲೇ ಸೇರಿರಬೇಕು. ಕನಿಷ್ಠ "ಹುಡುಗರೆಲ್ಲ ಈ ಸಾಲು, ಹುಡುಗಿಯರೆಲ್ಲ ಆ ಸಾಲು" ಅನ್ನುವುದನ್ನಾದರೂ ಬಿಡಿ.

ಅಂಗಳದಾಟ:

ಇನ್ನೆರಡು ಸಂದೇಹ. ನೋಡುತ್ತಾ ನಿಲ್ಲುವ ಹುಡುಗಿಯ ಮನೆಮಾತು ಬೇರೆ, ತರಗತಿಯ ಭಾಷೆ ಅರ್ಧಂಬರ್ಧ. ಇನ್ನು ಪೋಷಕರು ದಿನವೂ ಬಂದು "ನಮ್ಮ ಮಗುಗೆ ಫ್ರೆಂಡ್ಸ್ ಆದ್ರಾ?" ಅಂತ ಕೇಳುತ್ತಾರೆ. ಏನು ಹೇಳಲಿ?

ಮಾತಿನ_ಎಳೆ ಉತ್ತರ:

ಭಾಷೆಯ ವಿಷಯ ಮೊದಲೇ ಹೇಳಬೇಕಿತ್ತು, ಚಿತ್ರವೇ ಬದಲಾಗುತ್ತದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಮಾತಾಡದೆ ಕೇಳಿಸಿಕೊಳ್ಳುತ್ತದೆ. ಆ ಕಾಲದಲ್ಲಿ ನೋಡುತ್ತಾ ನಿಲ್ಲುವುದೇ ಅದರ ಕಲಿಕೆ. ಮನೆಯಾಟ ಮಾತಿನಿಂದಲೇ ನಡೆಯುವ ಆಟ, ಅಲ್ಲಿಂದ ಶುರು ಮಾಡಿಸಬೇಡಿ. ಮರಳು, ನೀರು, ಬ್ಲಾಕ್ಸ್, ಓಡಿ ಹಿಡಿಯುವ ಆಟ: ಇವುಗಳಿಗೆ ಮಾತು ಕಡಿಮೆ ಸಾಕು. ಅಲ್ಲಿ ಜೋಡಿಯಾದ ಮೇಲೆ ಮನೆಯಾಟಕ್ಕೆ ಹೋಗಲಿ. ಪ್ರತ್ಯೇಕ ಪದಗಳನ್ನು ಬಿಟ್ಟು ಆಟದಲ್ಲಿ ಬಳಸುವ ಇಡೀ ಮಾತುಗಳನ್ನು ಕಲಿಸಿ: "ಈಗ ನನ್ನ ಸರದಿ", "ತಗೋ", "ನೋಡು ಇಲ್ಲಿ", "ನಾನು ಏನಾಗ್ಲಿ?" ಒಮ್ಮೆಗೆ ಒಂದು, ಅದು ಬಾಯಿಗೆ ಬಂದ ಮೇಲೆ ಇನ್ನೊಂದು.

ಉಳಿದ ಮಕ್ಕಳಿಗೂ ಕಲಿಸಬೇಕು. ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ರೂಪಿಸಿದ ಒಂದು ಸರಳ ಕ್ರಮವಿದೆ: ಹತ್ತಿರ ಇರು, ಜೊತೆ ಆಡು, ಮಾತಾಡು. ಇದೇ ಕ್ರಮದಲ್ಲಿ ಒಂದೊಂದನ್ನೇ, ಮೊದಲು ದೊಡ್ಡವರ ಜೊತೆ ಅಭಿನಯಿಸಿ, ಆಮೇಲೆ ಮಗುವಿನ ಜೊತೆ ಐದು ಹತ್ತು ನಿಮಿಷ ಅಭ್ಯಾಸ. ಇದಕ್ಕೆ ದಿನವೂ ತಪ್ಪದೆ ಬರುವ, ಹೇಳಿದ್ದು ಕೇಳುವ, ತಾಳ್ಮೆಯ ಎರಡು ಮೂರು ಮಕ್ಕಳನ್ನು ಆರಿಸಿ ಸರದಿ ಹಾಕಿ. ಒಬ್ಬಳಿಗೇ ವಹಿಸಿದರೆ ಅವಳು ಗೆಳತಿಯಾಗುವ ಬದಲು ಪುಟ್ಟ ಅಮ್ಮನಾಗುತ್ತಾಳೆ. ಕೈಹಿಡಿದು ನಡೆಸುವುದು, ಚಪ್ಪಲಿ ಹಾಕುವುದು, ಅವಳ ಪರವಾಗಿ ಉತ್ತರಿಸುವುದು ಶುರುವಾದರೆ ಜೋಡಿ ಬದಲಿಸುವ ಹೊತ್ತು ಬಂತು.

ಪೋಷಕರಿಗೆ "ಆಗ್ತಾರೆ ಬಿಡಿ" ಅನ್ನಬೇಡಿ, ನೋಡಿದ್ದನ್ನು ಹೇಳಿ: "ಇವತ್ತು ಮರಳಿನಲ್ಲಿ ಇಂಥವಳ ಪಕ್ಕ ಹತ್ತು ನಿಮಿಷ ಆಡಿದಳು." ಒಬ್ಬ ಗೆಳತಿ ಸಾಕು ಎಂಬುದನ್ನೂ ತಿಳಿಸಿ. ಗುಂಪಿನಲ್ಲಿ ಎಲ್ಲರಿಗೂ ಬೇಕಾದವಳಾಗುವುದೂ ಒಬ್ಬ ನಿಜವಾದ ಗೆಳತಿ ಇರುವುದೂ ಎರಡು ಬೇರೆ ವಿಷಯ. ಮನೆಯಲ್ಲಿ ಮಗುವನ್ನು "ಯಾರ ಜೊತೆ ಆಡಿದೆ?" ಅಂತ ತನಿಖೆ ಮಾಡದೆ "ಏನು ಆಡಿದೆ?" ಅಂತ ಕೇಳಲಿ. ಸಾಧ್ಯವಾದರೆ ತರಗತಿಯ ಒಬ್ಬಳನ್ನೇ, ಹೌದು ಒಬ್ಬಳನ್ನೇ, ಒಂದು ಒಂದೂವರೆ ಗಂಟೆ ಮನೆಗೆ ಕರೆಯಲಿ. ಮೂವರಾದರೆ ಇಬ್ಬರು ಜೋಡಿಯಾಗಿ ಮೂರನೆಯವಳು ಹೊರಗುಳಿಯುತ್ತಾಳೆ. ಮಗು ಹಂಚಿಕೊಳ್ಳಲಾರದ ಆಟಿಕೆಯನ್ನು ಅವಳನ್ನೇ ಕೇಳಿ ಮೊದಲೇ ಎತ್ತಿಡಬೇಕು. ಬಂದವಳು ಇನ್ನೂ ಖುಷಿಯಲ್ಲಿರುವಾಗಲೇ ಮುಗಿಸಬೇಕು, ದಣಿವಿನ ಜಗಳದಲ್ಲಲ್ಲ. ಹೊಸಹೊಸಬರನ್ನು ಕರೆಯುವುದಕ್ಕಿಂತ ಅದೇ ಮಗು ಮತ್ತೆ ಬರುವುದು ಮೇಲು.

ಪರೀಕ್ಷೆ ಬೇಕಾಗುವ ಸಂದರ್ಭಗಳೂ ಇವೆ. ಮನೆಮಾತಿನಲ್ಲೂ ಮಾತು ಕಡಿಮೆ, ಹೆಸರು ಕರೆದರೆ ತಿರುಗುವುದಿಲ್ಲ, ತನಗೆ ಇಷ್ಟವಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಸುಳ್ಳುಸುಳ್ಳೇ ಆಟವೇ ಇಲ್ಲ, ಇದ್ದ ಮಾತು ಹೋಗಿದೆ: ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ವೈದ್ಯರನ್ನು ಕಾಣಲು ಹೇಳಿ, ಕಾಯಬೇಡಿ. ಕಿವಿ ಪರೀಕ್ಷೆಯೂ ಆಗಲಿ. ಈ ವಯಸ್ಸಿನಲ್ಲಿ ನಡುಗಿವಿಯಲ್ಲಿ ದ್ರವ ತುಂಬಿ ಕೇಳಿಸುವುದು ಕಡಿಮೆಯಾಗುವುದು ಸಾಮಾನ್ಯ, ಗದ್ದಲದ ಕೋಣೆಯಲ್ಲಿ ಅಂಥ ಮಗು ಅಂಜುಬುರುಕಿಯ ಹಾಗೇ ಕಾಣುತ್ತದೆ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು, ಶಾಲೆ ಸೇರಿದ ಮೊದಲ ತಿಂಗಳು ಕಳೆದ ಮೇಲೂ, ತಿಂಗಳಿಗಿಂತ ಹೆಚ್ಚು ಕಾಲ ತರಗತಿಯಲ್ಲಿ ಬಾಯೇ ಬಿಡದಿದ್ದರೆ ಅದನ್ನೂ ತೋರಿಸಬೇಕು. ಹೊಸ ಭಾಷೆಯ ಮೌನದಿಂದ ಅದನ್ನು ಬೇರ್ಪಡಿಸಲು ಒಂದು ದಾರಿ: ಮನೆಮಾತು ಬಲ್ಲ ಇನ್ನೊಂದು ಮಗು ತರಗತಿಯಲ್ಲಿದ್ದರೆ ಅದರ ಜೊತೆಗಾದರೂ ಮಾತಾಡುತ್ತಾಳೆಯೇ ನೋಡಿ.

ಬೆಳವಣಿಗೆ_ಓದು:

ಭಾಷೆಯ ವಿಷಯ ತಿಳಿದ ಮೇಲೆ ನನ್ನ ಮೊದಲ ಉತ್ತರಕ್ಕೆ ಒಂದು ಸೇರ್ಪಡೆ. ಹಾಳೆಯಲ್ಲಿ "ನೋ" ಹಾಕುವಾಗ ಆಕೆ ಯಾವ ಮೂಲೆ ನೋಡುತ್ತಿದ್ದಾಳೆ ಅಂತಲೂ ಬರೆಯಿರಿ, ಮಾತಿನ ಆಟಗಳ ಬಳಿ ಮಾತ್ರ "ನೋ" ತುಂಬಿದ್ದರೆ ಕಾರಣ ಸ್ಪಷ್ಟ. ಬದಲಾವಣೆಗಳನ್ನು ಒಮ್ಮೆಲೇ ಎಲ್ಲ ಮಾಡದೆ ಮೊದಲು ಸಮಯ ಮತ್ತು ಸಾಮಾನು, ಎರಡು ವಾರದ ನಂತರ ಜೋಡಿ ಕೆಲಸ. ಆರು ವಾರಕ್ಕೆ ಅದೇ ಹಾಳೆಯನ್ನು ಮತ್ತೆ ಹತ್ತು ದಿನ ತುಂಬಿ. "ಜೊ" ಒಮ್ಮೆಲೇ ಏರುವುದಿಲ್ಲ, ಮೊದಲು "ನೋ" ಇಳಿದು "ಪ" ಏರುತ್ತದೆ. ಅಷ್ಟಾಗಿದ್ದರೆ ಮಾಡುತ್ತಿರುವುದನ್ನೇ ಮುಂದುವರಿಸಿ. ಎರಡೂ ಅಲುಗದಿದ್ದರೆ ಹಾಳೆ ತೆಗೆದುಕೊಂಡು ಪೋಷಕರ ಜೊತೆ ಕೂರಿ, ಮೇಲೆ ಹೇಳಿದ ಕಿವಿ ಮತ್ತು ಮಾತಿನ ಪರೀಕ್ಷೆಯ ಮಾತೆತ್ತಿ.